ಒಡಂಬಡಿಕೆಯ ಕುರಿತು ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮನಿಗೆ,

ಕ್ರಿಸ್ತನಲ್ಲಿ ವಂದನೆಗಳು. ನಿನ್ನ ಹಸ್ತಪ್ರತಿಯೂ ಅದರ ಜೊತೆಗಿಟ್ಟ ಕಾಗದವೂ ತಲುಪಿದವು. ಪ್ರಕಾಶಕರೊಬ್ಬರು ಪುಸ್ತಕವನ್ನು ಬಿಚ್ಚಿಯೂ ನೋಡದೆ ಹಿಂದಿರುಗಿಸಿದರೆಂದೂ, ದೇವರು ಮನುಷ್ಯರೊಂದಿಗೆ ಮಾಡಿಕೊಂಡ ಒಡಂಬಡಿಕೆಗಳ ವಿಚಾರ ಈ ಕಾಲದಲ್ಲಿ ಯಾರಿಗೆ ಬೇಕೆಂದು ಮನೆಯವರೇ ಕೇಳುತ್ತಿದ್ದಾರೆಂದೂ, ಇನ್ನು ಬರೆಯುವುದನ್ನೇ ಬಿಟ್ಟುಬಿಡಲೇ ಎಂದೂ ಬರೆದಿದ್ದೀಯ. ಬಿಡಬೇಡ. ಅಷ್ಟು ಹೇಳಿ ಆ ಮಾತನ್ನು ಅಲ್ಲಿಗೇ ಮುಗಿಸುತ್ತೇನೆ. ಕಾಗುಣಿತ, ಅಧ್ಯಾಯಗಳ ಉದ್ದ, ವಚನಗಳಿಗೆ ಆಧಾರ ಕೊಡುವ ಕ್ರಮ ಇವುಗಳ ಬಗ್ಗೆಯೂ ಕೇಳಿದ್ದೀಯ. ಅವನ್ನು ಕರಡು ತಿದ್ದುವವರು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನನಗೆ ಹೇಳಬೇಕಾಗಿರುವುದು ಒಂದೇ, ಆದರೆ ಅದು ನಿನಗೆ ಹಿತವಾಗಲಾರದು.

ನೀನು ಧರ್ಮಶಾಸ್ತ್ರದ ಬಗ್ಗೆ, ಅಂದರೆ ದೇವರು ಮೋಶೆಯ ಮೂಲಕ ಕೊಟ್ಟ ಕಟ್ಟಳೆಗಳ ಬಗ್ಗೆ, ಬರೆದಿದ್ದೀಯೇ ಹೊರತು ಧರ್ಮಶಾಸ್ತ್ರವನ್ನು ಓದಿಲ್ಲ. ಮೂರನೆಯ ಅಧ್ಯಾಯದಿಂದ ಮುಂದಕ್ಕೆ ಆ ಪದ ಬಂದಲ್ಲೆಲ್ಲ ಅದರ ಮಗ್ಗುಲಲ್ಲಿ ನೊಗ, ಸೆರೆ, ಶಾಪ ಎಂಬ ಮಾತುಗಳು ನಿಂತಿವೆ. ವಾಗ್ದಾನ ಬಂದಲ್ಲೆಲ್ಲ ಬೆಳಕು, ಬಿಡುಗಡೆ, ಕೃಪೆ. ಇವು ನಿನ್ನ ಮಾತುಗಳಲ್ಲ. ಭಾನುವಾರದ ಪ್ರಸಂಗಗಳಿಂದ ಕಿವಿಗೆ ಬಿದ್ದು, ಅಲ್ಲಿಂದ ನೇರವಾಗಿ ಕೈಗಿಳಿದವು. ನಮ್ಮ ಸಭೆಗಳಲ್ಲಿ ಪೌಲನು ಗಲಾತ್ಯದವರಿಗೆ ಬರೆದ ಪತ್ರವನ್ನು ಎಷ್ಟು ಸಲ ಕೇಳಿದ್ದೀಯ, ವಿಮೋಚನಕಾಂಡದ 22ನೇ ಅಧ್ಯಾಯವನ್ನು ಎಷ್ಟು ಸಲ ಕೇಳಿದ್ದೀಯ ಎಂದು ನೆನಪು ಮಾಡಿಕೊಂಡರೆ ಇದು ಹೇಗಾಯಿತೆಂದು ನಿನಗೇ ತಿಳಿಯುತ್ತದೆ.

ಬೈಯುವ ಮೊದಲು ಮೆಚ್ಚಿದ್ದನ್ನು ಹೇಳಬೇಕು. ದೇವರು ಅಬ್ರಾಮನೊಂದಿಗೆ ಒಡಂಬಡಿಕೆ ಮಾಡಿಕೊಂಡ, ಆದಿಕಾಂಡದ 15ನೇ ಅಧ್ಯಾಯದ ಆ ರಾತ್ರಿಯನ್ನು ನೀನು ಚೆನ್ನಾಗಿ ಬರೆದಿದ್ದೀಯ. ಮೂರು ವರ್ಷದ ಕಡಸು, ಆಡು, ಟಗರುಗಳನ್ನು ಅಬ್ರಾಮನು ಇಬ್ಭಾಗ ಮಾಡಿ ಎದುರುಬದುರಾಗಿ ಇಡುವುದು, ಹಕ್ಕಿಗಳನ್ನು ಮಾತ್ರ ಕಡಿಯದಿರುವುದು, ಮಾಂಸಕ್ಕೆರಗಿದ ಹದ್ದುಗಳನ್ನು ಆ ಮುದುಕನು ಓಡಿಸುತ್ತ ನಿಲ್ಲುವುದು, ಹೊತ್ತು ಮುಳುಗುವಾಗ ಗಾಢನಿದ್ರೆಯೂ ಭಯವೂ ಕವಿಯುವುದು, ಕತ್ತಲಲ್ಲಿ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಆ ತುಂಡುಗಳ ನಡುವೆ ಹಾದುಹೋಗುವುದು, ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಹೀಗೆ ಬರೆಯಬಲ್ಲವನು ಮುಂದಿನ ಸಾಲಿನಲ್ಲೇ ಇದು ಶಿಲುಬೆಗೆ ಮುಂಗುರುತು ಎಂದು ಬರೆದು ಅಧ್ಯಾಯವನ್ನು ಮುಗಿಸಿಬಿಡುವುದೇ? ನನಗೆ ಸಿಟ್ಟು ಬಂದದ್ದು ಅಲ್ಲಿ. ಅಬ್ರಾಮನು ನಿದ್ದೆಯಲ್ಲಿದ್ದಾನೆ, ಅವನು ನಡೆಯಲಿಲ್ಲ, ತುಂಡುಗಳ ನಡುವೆ ನಡೆದದ್ದು ಬೆಂಕಿ ಮಾತ್ರ ಎಂಬುದನ್ನು ನೀನೇ ತೋರಿಸಿದ್ದೀಯ, ಆದರೆ ಹಾಗೆ ನಡೆಯುವುದೆಂದರೆ ಏನೆಂದು ಕೇಳಲು ಅರೆಗಳಿಗೆ ನಿಲ್ಲಲಿಲ್ಲ. ಸಿರಿಯಾದ ಅಲೆಪ್ಪೊ ನಗರದ ಸಮೀಪದ ಸೆಫೀರೆಯಲ್ಲಿ ಸಿಕ್ಕ, ಕ್ರಿಸ್ತಪೂರ್ವ 8ನೇ ಶತಮಾನದ ಅರಾಮಿಕ್ ಒಪ್ಪಂದದ ಶಾಸನವೊಂದು ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಮಾತು ತಪ್ಪಿದರೆ ಈ ಕರುವನ್ನು ಕಡಿದಂತೆ ಅರಸನೂ ಅವನ ಪ್ರಮುಖರೂ ಕಡಿಯಲ್ಪಡಲಿ. ಈ ಆಣೆಯ ನೆರಳಿನಲ್ಲಿ ಆದಿಕಾಂಡವನ್ನು ಮತ್ತೆ ಓದು. ಅಲ್ಲಿ ತನ್ನನ್ನು ತಾನೇ ಆಣೆಗೆ ಒಡ್ಡಿಕೊಂಡವನು ದೇವರು. ಶಿಲುಬೆಯ ಮಾತು ಆಮೇಲೆ ತಾನಾಗಿ ಬಂದೀತು. ನೀನು ಕೊರಳುಪಟ್ಟಿ ಹಿಡಿದು ಎಳೆತರಬೇಕಾಗಿಲ್ಲ.

ಇನ್ನು ಧರ್ಮಶಾಸ್ತ್ರವನ್ನು ಕೊಟ್ಟ ಸೀನಾಯಿ ಬೆಟ್ಟಕ್ಕೆ ಬರೋಣ. ವಾಗ್ದಾನದ ದೇವರು ಸೀನಾಯಿಯಲ್ಲಿ ಬೇರೆ ಮುಖ ತೋರಿಸಿದನು ಎಂಬ ಧಾಟಿಯಲ್ಲಿ ನಿನ್ನ ಮೂರನೆಯ ಅಧ್ಯಾಯ ತೊಡಗುತ್ತದೆ. ಕಥೆಯ ಕ್ರಮವನ್ನಾದರೂ ನೋಡಬಾರದಿತ್ತೇ? ಸಮುದ್ರವನ್ನು ದಾಟಿದ್ದು ವಿಮೋಚನಕಾಂಡದ 14ನೇ ಅಧ್ಯಾಯದಲ್ಲಿ, ಬೆಟ್ಟದ ಬುಡಕ್ಕೆ ಬಂದದ್ದು 19ರಲ್ಲಿ, ಆಜ್ಞೆಗಳು 20ರಲ್ಲಿ. ಆ ಆಜ್ಞೆಗಳಿಗೂ ಮುಂಚಿನ ಮಾತು, ಐಗುಪ್ತದ ದಾಸತ್ವದಿಂದ ನಿಮ್ಮನ್ನು ಬಿಡಿಸಿದ ದೇವರು ನಾನೇ ಎಂಬುದು. ಬಿಡುಗಡೆ ಮೊದಲು, ಕಟ್ಟಳೆ ಆಮೇಲೆ. ಬೈಬಲ್ ವಿದ್ವಾಂಸ ಜಾರ್ಜ್ ಮೆಂಡೆನ್‌ಹಾಲ್ 1954ರಲ್ಲಿ ತೋರಿಸಿಕೊಟ್ಟ, ಪುರಾತನ ಹಿತ್ತಿಯ ಸಾಮ್ರಾಜ್ಯದ ಒಪ್ಪಂದಗಳ ವಿಚಾರಕ್ಕೆ ಎರಡು ಪುಟ ಕೊಟ್ಟಿದ್ದೀಯ, ಆದರೆ ಅವು ಎದೆಗೆ ಚುಚ್ಚಿಕೊಂಡ ಪದಕಗಳ ಹಾಗೆ ಇವೆ. ಆ ಒಪ್ಪಂದಗಳಲ್ಲಿ ಚಕ್ರವರ್ತಿಯು ಸಾಮಂತನಿಗೆ ತಾನು ಮಾಡಿದ ಉಪಕಾರವನ್ನು ಮೊದಲು ಹೇಳಿ, ಷರತ್ತುಗಳನ್ನು ಆಮೇಲೆ ಇಡುತ್ತಾನೆ. ನಿನ್ನ ವಾದವನ್ನು ಬುಡಮೇಲು ಮಾಡುವ ಸಂಗತಿ ನಿನ್ನ ಪುಟದಲ್ಲೇ ಕೂತಿದೆ, ನೀನು ಮಾತ್ರ ನೋಡಿಲ್ಲ.

ಈಗ ವಿಮೋಚನಕಾಂಡದ 22ನೇ ಅಧ್ಯಾಯದ ಕಟ್ಟಳೆಗಳನ್ನೇ ಓದು. ನೆರೆಯವನ ಮೇಲುಹೊದಿಕೆಯನ್ನು ಒತ್ತೆಯಾಗಿ ತೆಗೆದುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ಕೊಡಬೇಕು, ಏಕೆಂದರೆ ಅವನಿಗೆ ಇರುವ ಹೊದಿಕೆ ಅದೊಂದೇ; ಅವನು ಇನ್ನೇನನ್ನು ಹೊದ್ದು ಮಲಗಿಯಾನು ಎಂದು ಶಾಸ್ತ್ರವೇ ಕೇಳುತ್ತದೆ. ಅವನು ನನಗೆ ಮೊರೆಯಿಟ್ಟರೆ ಕೇಳುವೆನು, ನಾನು ದಯೆಯುಳ್ಳವನು ಎಂಬ ಮಾತಿನೊಂದಿಗೆ ಆ ಕಟ್ಟಳೆ ಮುಗಿಯುತ್ತದೆ. ನಿನ್ನ ಪುಸ್ತಕದಲ್ಲಿ ದಯೆಯೆಂಬುದು ಸುವಾರ್ತೆಗಳ ಹೊತ್ತಿಗೆ ಹುಟ್ಟುತ್ತದೆ, ಇಲ್ಲಿ ನೋಡಿದರೆ ಸಾಲಗಾರನ ಹೊದಿಕೆಯ ಲೆಕ್ಕದಲ್ಲೇ ಇದೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಇನ್ನೂ ಸೂಕ್ಷ್ಮ. ಬೀಸುವ ಕಲ್ಲನ್ನಾಗಲಿ ಅದರ ಮೇಲಿನ ಕಲ್ಲೊಂದನ್ನಾಗಲಿ ಒತ್ತೆಯಾಗಿ ತೆಗೆದುಕೊಳ್ಳಬಾರದು, ಅದು ಮನುಷ್ಯನ ಜೀವವನ್ನೇ ಒತ್ತೆಯಿಟ್ಟುಕೊಂಡಂತೆ; ಸಾಲ ಕೊಟ್ಟವನು ಒತ್ತೆಗಾಗಿ ಮನೆಯೊಳಕ್ಕೆ ನುಗ್ಗದೆ ಹೊರಗೆ ನಿಲ್ಲಬೇಕು, ಸಾಲಗಾರನೇ ಅದನ್ನು ತಂದುಕೊಡಬೇಕು. ಬಡವನ ಹೊಸ್ತಿಲಿಗೂ ಮರ್ಯಾದೆಯುಂಟೆಂದು ಹೇಳುವ ಶಾಸ್ತ್ರವಿದು. ಮಗಳ ಓಲೆಯನ್ನು ಗಿರವಿ ಅಂಗಡಿಯಲ್ಲಿಟ್ಟು ಬಂದವರು ಇರುವ ಸಭೆಯಲ್ಲಿ ಇದನ್ನು ಓದಿದರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಇದು ಕೇವಲ ಬರಹವಾಗಿ ಉಳಿದಿತ್ತೆಂದು ತಿಳಿಯಬೇಡ. 1960ರಲ್ಲಿ ಇಸ್ರೇಲಿನ ಕರಾವಳಿಯಲ್ಲಿ, ಯಾವ್ನೆ ಯಾಮ್ ಸಮೀಪದ ಸಣ್ಣ ಕೋಟೆಯೊಂದರಲ್ಲಿ, ಬರಹವುಳ್ಳ ಮಡಕೆ ಚೂರುಗಳು ಸಿಕ್ಕವು. ಕ್ರಿಸ್ತಪೂರ್ವ 7ನೇ ಶತಮಾನದ ಕೊನೆಯ ಭಾಗದ್ದು. ಕೊಯ್ಲಿನ ಆಳೊಬ್ಬನು ಅಧಿಕಾರಿಗೆ ಸಲ್ಲಿಸಿದ ಅರ್ಜಿ ಅದು: ನನ್ನ ಪಾಲಿನ ಕೊಯ್ಲನ್ನು ನಾನು ಮುಗಿಸಿದ್ದೆ, ಆದರೂ ಮೇಲ್ವಿಚಾರಕ ನನ್ನ ಬಟ್ಟೆಯನ್ನು ಕಿತ್ತುಕೊಂಡು ಹೋದ, ಬಿಸಿಲಿನಲ್ಲಿ ನನ್ನ ಜೊತೆ ಕೊಯ್ದವರೆಲ್ಲ ಸಾಕ್ಷಿ ಹೇಳುತ್ತಾರೆ, ನನ್ನ ಬಟ್ಟೆಯನ್ನು ಕೊಡಿಸಿ. ಅವನು ಮೋಶೆಯ ಹೆಸರೆತ್ತುವುದಿಲ್ಲ, ಯಾವ ಕಟ್ಟಳೆಯನ್ನೂ ಉದಾಹರಿಸುವುದಿಲ್ಲ. ಬಟ್ಟೆಯನ್ನಷ್ಟೇ ಕೇಳುತ್ತಾನೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾನೆ. ಅದಕ್ಕೂ ಹಿಂದಿನ ಶತಮಾನದಲ್ಲಿ ಪ್ರವಾದಿ ಆಮೋಸನು, ಒತ್ತೆಯ ಬಟ್ಟೆಗಳನ್ನೇ ಹಾಸಿಕೊಂಡು ಯಜ್ಞವೇದಿಗಳ ಬದಿಯಲ್ಲಿ ಮಲಗುವವರನ್ನು ಕಂಡು ಕೆಂಡವಾಗಿದ್ದನು. ನಿನ್ನ ಪುಸ್ತಕದಲ್ಲಿ ಧರ್ಮಶಾಸ್ತ್ರದ ಕೆಳಗೆ ನರಳುವವನು ಪಾಪಪ್ರಜ್ಞೆಯುಳ್ಳ ಒಬ್ಬ ಆತ್ಮ ಮಾತ್ರ. ಈ ಕೊಯ್ಲುಗಾರನಿಗೆ ಅಲ್ಲಿ ಎಡೆಯೆಲ್ಲಿದೆ?

ಇದೇ ಮೇಲುಹೊದಿಕೆಯ ಬಗ್ಗೆ ನಾನು ಹರೆಯದಲ್ಲಿ ಬರೆದ ಲೇಖನವನ್ನು ಸಭಾಪತ್ರಿಕೆಯೊಂದರ ಸಂಪಾದಕರು ಅರ್ಧಕ್ಕೆ ಕತ್ತರಿಸಿ, ಕೃಪೆಯ ಬಗ್ಗೆ ತಾವೇ ಒಂದು ಕಂಡಿಕೆ ಬರೆದು ಕೊನೆಗೆ ಹೊಲಿದು, ನನ್ನ ಹೆಸರಿನಲ್ಲೇ ಅಚ್ಚು ಹಾಕಿಸಿದರು. ಕೇಳಲು ಹೋದರೆ, ನಮ್ಮ ಓದುಗರು ಯೆಹೂದ್ಯರಲ್ಲವಲ್ಲ ಎಂದರು. ಅವರು ತೀರಿಕೊಂಡು ಬಹಳ ಕಾಲವಾಯಿತು, ನನ್ನ ಸಿಟ್ಟು ಇನ್ನೂ ತೀರಿಲ್ಲ. ಆ ಕಂಡಿಕೆಯನ್ನು ಹೊಗಳಿ ಕಾಗದ ಬರೆದವರೂ ಇದ್ದರು ಎಂಬುದು ಇನ್ನೊಂದು ಸಂಕಟ. ನಿನ್ನ ಹಸ್ತಪ್ರತಿಯನ್ನು ಓದಿದ ಹಿರಿಯರೊಬ್ಬರು ಪುಟಪುಟದಲ್ಲೂ ಕೃಪೆ ತುಂಬಿ ತುಳುಕುತ್ತಿದೆ ಎಂದರೆಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗ ನನಗೆ ಆ ಕಾಗದಗಳು ನೆನಪಾದವು.

ಪ್ರಾಮಾಣಿಕತೆ ಎರಡೂ ಕಡೆಗೆ ಕೊಯ್ಯುತ್ತದೆ. ಹೊದಿಕೆಯ ಕಟ್ಟಳೆಗಿಂತ ಒಂದೇ ಅಧ್ಯಾಯ ಹಿಂದೆ, ಯಜಮಾನನ ಹೊಡೆತ ತಿಂದ ದಾಸನು ಒಂದೆರಡು ದಿನ ಜೀವ ಹಿಡಿದರೆ ಯಜಮಾನನಿಗೆ ದಂಡನೆಯಿಲ್ಲ, ದಾಸನು ಅವನ ಸೊತ್ತಲ್ಲವೇ ಎಂಬ ಮಾತೂ ಇದೆ. ಅದನ್ನು ಬಚ್ಚಿಟ್ಟು ಹೊದಿಕೆಯನ್ನು ಮಾತ್ರ ತೋರಿಸುವವನು ನಿನಗಿಂತ ಮೇಲೇನಲ್ಲ. ಅದನ್ನೂ ಬರೆ, ಮೈ ಜುಮ್ಮೆನ್ನುವುದನ್ನು ಮರೆಮಾಡಬೇಡ.

ಎಲ್ಲಕ್ಕಿಂತ ಹೆಚ್ಚು ಬೇಸರವಾದದ್ದು ಪ್ರವಾದಿ ಯೆರೆಮೀಯನನ್ನು ನೀನು ನಡೆಸಿಕೊಂಡ ರೀತಿಗೆ. 31ನೇ ಅಧ್ಯಾಯದ ಹೊಸ ಒಡಂಬಡಿಕೆಯ ಮಾತನ್ನು ಇಡೀ ಪುಟಕ್ಕೆ ದಪ್ಪಕ್ಷರದಲ್ಲಿ ಬರೆದು 32ನೇ ವಚನಕ್ಕೆ ನಿಲ್ಲಿಸಿದ್ದೀಯ. ಯಾಕೆ? ಮುಂದಿನ ವಚನದಲ್ಲಿ ದೇವರು ತನ್ನ ಧರ್ಮಶಾಸ್ತ್ರವನ್ನೇ ಅವರೊಳಗೆ ಇಡುತ್ತೇನೆ, ಅವರ ಹೃದಯದಲ್ಲಿ ಬರೆಯುತ್ತೇನೆ ಎನ್ನುತ್ತಾನೆ. ಹೊಸತಾದದ್ದು ಬರೆಯುವ ಸ್ಥಳ, ಶಾಸ್ತ್ರ ಅಳಿಸಿಹೋಗಲಿಲ್ಲ. ಇಬ್ರಿಯರಿಗೆ ಬರೆದ ಪತ್ರದ 8ನೇ ಅಧ್ಯಾಯ, ಮೊದಲಿನದು ಹಳೆಯದಾಯಿತು ಎಂದು ಅಷ್ಟು ಖಡಾಖಂಡಿತವಾಗಿ ಹೇಳಹೊರಟದ್ದು, ಅದೂ ಈ ವಚನವನ್ನು ಬಿಡದೆ ಎತ್ತಿಕೊಂಡಿದೆ. ಆ ಪತ್ರ ಬರೆದವನಿಗಿದ್ದ ಧೈರ್ಯ ನಿನಗಿಲ್ಲವಾಯಿತೇ?

ಯೆರೆಮೀಯನ ಆ 31ನೇ ಅಧ್ಯಾಯದಿಂದ ಎರಡು ಅಧ್ಯಾಯ ದಾಟಿ 34ಕ್ಕೆ ಹೋಗು. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಅರಸ ಚಿದ್ಕೀಯನು ಊರಿನವರೊಂದಿಗೆ ಒಡಂಬಡಿಕೆ ಮಾಡಿಕೊಂಡು ಇಬ್ರಿಯ ದಾಸದಾಸಿಯರನ್ನೆಲ್ಲ ಬಿಡಿಸುತ್ತಾನೆ. ಏಳನೆಯ ವರ್ಷದಲ್ಲಿ ಬಿಡಬೇಕೆಂಬ ಮೋಶೆಯ ಕಟ್ಟಳೆ ಆಗ, ಜೀವಕ್ಕೆ ಬಂದಾಗ, ನೆನಪಾಗುತ್ತದೆ. ಫರೋಹನ ದಂಡು ಬರುತ್ತಿದೆಯೆಂಬ ಸುದ್ದಿಗೆ ಮುತ್ತಿಗೆ ಸಡಿಲವಾದದ್ದೇ ತಡ, ಬಿಟ್ಟವರನ್ನೇ ಮತ್ತೆ ಹಿಡಿದು ತಂದು ದುಡಿಮೆಗೆ ಹಚ್ಚುತ್ತಾರೆ. ಅವರು ಆಣೆಯಿಟ್ಟದ್ದು ಹೇಗೆಂದು ನೋಡು: ಕರುವನ್ನು ಇಬ್ಭಾಗ ಮಾಡಿ, ಆ ತುಂಡುಗಳ ನಡುವೆ ಪ್ರಧಾನರೂ ಯಾಜಕರೂ ಜನರೂ ನಡೆದುಹೋಗಿದ್ದರು. ಆದಿಕಾಂಡದಲ್ಲಿ ಬೆಂಕಿ ನಡೆದ ದಾರಿಯಲ್ಲಿ ಇಲ್ಲಿ ಮನುಷ್ಯರು ನಡೆದಿದ್ದಾರೆ. ದೇವರ ವಾಗ್ದಾನವನ್ನೂ ದಾಸಿಯ ಬಿಡುಗಡೆಯ ಕಟ್ಟಳೆಯನ್ನೂ ಒಂದೇ ಆಣೆ ಹಿಡಿದಿಟ್ಟಿರುವಾಗ, ನೀನು ಅವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಶತ್ರುಗಳಂತೆ ಕೂರಿಸಿದ್ದೀಯ.

ಪೌಲನ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅವನನ್ನು ನೀನು ನನಗಿಂತ ಹೆಚ್ಚು ಬಲ್ಲೆಯೆಂದು ಭಾವಿಸಿದ್ದೀಯ. ಗಲಾತ್ಯದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಅವನು ಹೇಳುವಂತೆ, 430 ವರ್ಷಗಳ ಮೇಲೆ ಬಂದ ಧರ್ಮಶಾಸ್ತ್ರವು ವಾಗ್ದಾನವನ್ನು ರದ್ದು ಮಾಡಲಾರದು ಎಂಬುದನ್ನು ಸರಿಯಾಗಿ ವಿವರಿಸಿದ್ದೀಯ. ಆದರೆ ಅದೇ ಅಧ್ಯಾಯದ 21ನೇ ವಚನದಲ್ಲಿ ಅವನೇ, ಹಾಗಾದರೆ ಶಾಸ್ತ್ರವು ವಾಗ್ದಾನಗಳಿಗೆ ವಿರುದ್ಧವೋ ಎಂದು ಕೇಳಿ, ಎಂದಿಗೂ ಅಲ್ಲವೆನ್ನುತ್ತಾನೆ. ಅವನ ಜಗಳ ಅನ್ಯಜನರಿಗೆ ಸುನ್ನತಿ ಮಾಡಿಸಲೇಬೇಕೆಂದು ಹಟ ಹಿಡಿದವರೊಂದಿಗೆ, ಬಡವನ ಹೊದಿಕೆಯೊಂದಿಗಲ್ಲ. ಪೌಲನನ್ನು ಅತಿಯಾಗಿ ಪ್ರೀತಿಸಿ ಹಳೆಯ ಒಡಂಬಡಿಕೆಯನ್ನೇ ಕಿತ್ತೆಸೆಯಹೊರಟ ಮಾರ್ಸಿಯನ್ ಎಂಬವನನ್ನು ರೋಮಿನ ಸಭೆ 144ರ ಸುಮಾರಿಗೆ ಹೊರಗೆ ಹಾಕಿತು. ಹೊರಗೆ ಹಾಕಿದರೂ ಅವನು ನಮ್ಮ ಪ್ರಸಂಗಪೀಠಗಳಿಗೆ ಆಗಾಗ ಬಂದು ಹೋಗುತ್ತಾನೆ.

ದೇವರು ಅರಸ ದಾವೀದನಿಗೆ ಕೊಟ್ಟ ಮಾತಿಗೆ ಎರಡೇ ಪುಟ, ಎರಡೂ ಹಬ್ಬದ ಪುಟಗಳು. 89ನೇ ಕೀರ್ತನೆಯನ್ನು ಕೊನೆಯವರೆಗೆ ಓದು. ದಾವೀದನ ಸಿಂಹಾಸನ ಸೂರ್ಯನಂತೆ ನಿಲ್ಲುವುದೆಂದು ಹಾಡಿದ ಬಾಯೇ, ನೀನು ನಿನ್ನ ಸೇವಕನ ಒಡಂಬಡಿಕೆಯನ್ನು ತಿರಸ್ಕರಿಸಿದೆ, ಅವನ ಕಿರೀಟವನ್ನು ಮಣ್ಣಿಗೆ ಹಾಕಿದೆ ಎಂದು ದೇವರ ಮುಖಕ್ಕೇ ಹೇಳುತ್ತದೆ. ಕೊನೆಯಲ್ಲಿ ಒಂದು ಸ್ತೋತ್ರವಚನವಿದೆ, ಉತ್ತರವಿಲ್ಲ. ಆ ಕವಿಗೆ ಸಿಗದ ಉತ್ತರವನ್ನು ಅವನ ಬಾಯಿಗೆ ತುರುಕುವ ಕೆಲಸ ನಿನ್ನದಲ್ಲ. ನಿನ್ನ ಕಾಗದದಲ್ಲಿರುವ ಹತಾಶೆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲವೆಂಬುದು ನನಗೆ ಸೋಜಿಗ. ಅದಕ್ಕೆ ಸರಿಯಾದ ಜಾಗ ಈ ಅಧ್ಯಾಯವೇ ಆಗಿತ್ತು.

ಮುನ್ನುಡಿ ಬರೆದುಕೊಡಿ ಎಂದು ಕೇಳಿದ್ದೀಯ. ಈಗಿರುವ ರೂಪಕ್ಕೆ ಬರೆಯಲಾರೆ. ವಿಮೋಚನಕಾಂಡದ 21ರಿಂದ 23ರವರೆಗಿನ ಅಧ್ಯಾಯಗಳನ್ನು ಯಾವ ವ್ಯಾಖ್ಯಾನವನ್ನೂ ಮಗ್ಗುಲಲ್ಲಿಟ್ಟುಕೊಳ್ಳದೆ ಓದಿ, ಮೂರನೆಯ ಅಧ್ಯಾಯವನ್ನು ಮೊದಲಿಂದ ಬರೆದು ಕಳುಹಿಸು. ಅವಸರವಿಲ್ಲ, ಆದರೆ ನನ್ನ ವಯಸ್ಸನ್ನೂ ಸ್ವಲ್ಪ ಲೆಕ್ಕಕ್ಕೆ ಇಟ್ಟುಕೋ. ಹಸ್ತಪ್ರತಿಯ ಅಂಚುಗಳಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ, ಕೆಲವು ಕಡೆ ಒರಟಾಗಿದೆ, ಓದಿ ಅಳಿಸಿಕೊಳ್ಳಬಹುದು. ನಾಳಿನ ಟಪಾಲಿನಲ್ಲಿ ಕಳುಹಿಸುತ್ತೇನೆ.

ನಿನ್ನ ಹಿತವನ್ನು ಬಯಸುವ,
ಅಣ್ಣ