ಹೊಟ್ಟೆಯ ಗಂಟು: ನೀವಿಸುವ ಮುನ್ನ ಸ್ಕ್ಯಾನ್ ಮಾಡಿಸಿ

ಮಾನ್ಯ ಸಂಪಾದಕರೇ,

ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿ. ಎಂಬತ್ತು ಕುರಿ, ಎರಡು ನಾಯಿ. ಹೋದ ವರ್ಷ ನನ್ನ ತಮ್ಮನಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಗಂಟೊಂದು ಕೈಗೆ ಸಿಕ್ಕಿತು. ನೋವಿಲ್ಲ, ಜ್ವರವಿಲ್ಲ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ ಅನ್ನುತ್ತಿದ್ದ, ಅಷ್ಟೇ. ಹೊಕ್ಕುಳಿನ ಬಟ್ಟಿ ಜಾರಿದೆಯೆಂದು ಅವ್ವ ಹೊಟ್ಟೆ ನೀವುವವರ ಹತ್ತಿರ ಎರಡು ಸಲ ಕರೆದೊಯ್ದಳು. ಹರಳೆಣ್ಣೆ ಹಚ್ಚಿ ಬಲವಾಗಿ ಒತ್ತಿದರು. ಅದನ್ನು ನೆನೆದರೆ ಈಗಲೂ ನನ್ನ ಕೈಕಾಲು ತಣ್ಣಗಾಗುತ್ತವೆ.

ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ 9 ಸೆಂ.ಮೀ. ನೀರುಗಡ್ಡೆ ಕಂಡಿತು. ಹೈಡಾಟಿಡ್ ಗಡ್ಡೆ ಅಂದರು. ಅದು ಒಳಗೇ ಒಡೆದರೆ ಮೈಯೆಲ್ಲ ದದ್ದೆದ್ದು, ಬಿಪಿ ಕುಸಿದು ಜೀವವೇ ಹೋಗಬಹುದಂತೆ. ಅಲ್ಬೆಂಡಜೋಲ್ ಮಾತ್ರೆ ಕೊಟ್ಟು, ಆಮೇಲೆ ಆಪರೇಷನ್ ಮಾಡಿದರು. ತಮ್ಮ ಉಳಿದ.

ನಾಯಿಯ ಕರುಳಿನಲ್ಲಿರುವ, ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳು ಇದಕ್ಕೆ ಮೂಲ. ಕುರಿ ಕುಯ್ದಾಗ ಲಿವರಿನಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆ ಕಂಡರೆ ಆ ಭಾಗ ಕತ್ತರಿಸಿ ನಾಯಿಗೆ ಎಸೆಯುವುದು ನಮ್ಮ ಕಡೆ ರೂಢಿ. ಹುಳು ನಾಯಿಗೆ ಸೇರುವುದು ಅಲ್ಲಿಂದಲೇ. ನಾಯಿ ನೋಡಲು ಚೆನ್ನಾಗಿಯೇ ಇರುತ್ತದೆ. ಅದರ ಮಲದಲ್ಲಿ ಬಿದ್ದ ಮೊಟ್ಟೆ ಹುಲ್ಲಿನ ಜೊತೆ ಕುರಿಗೆ ಹೋಗುತ್ತದೆ. ಕೈಯಿಂದ, ನೀರಿನಿಂದ, ತೊಳೆಯದ ಸೊಪ್ಪಿನಿಂದ ನಮಗೆ ಬರುತ್ತದೆ. ಗಡ್ಡೆ ಬೆಳೆಯುವುದಕ್ಕೆ ವರ್ಷಗಟ್ಟಲೆ ಬೇಕು. ತಮ್ಮ ಚಿಕ್ಕಂದಿನಿಂದ ಕುರಿ ಕೂಡುವ ರೊಪ್ಪದಲ್ಲಿ ನಾಯಿ ಪಕ್ಕದಲ್ಲೇ ಮಲಗಿದವನು. ಯಾವ ವರ್ಷ ಅಂಟಿತೋ!

ಮೇಲ್ಹೊಟ್ಟೆಯ ಗಂಟೆಲ್ಲ ಇದೇ ಅಲ್ಲ. ಕೆಮ್ಮಿದಾಗ ಉಬ್ಬುವ ಹರ್ನಿಯಾ, ಚರ್ಮದಡಿಯ ಕೊಬ್ಬಿನ ಗಂಟು, ಊದಿದ ಲಿವರ್ ಅಥವಾ ಪಿತ್ತಕೋಶ, ಎಡಗಡೆಯಾದರೆ ಊದಿದ ಗುಲ್ಮ (ಸ್ಪ್ಲೀನ್), ಜಠರದ ಕ್ಯಾನ್ಸರ್ ಕೂಡ ಇರಬಹುದು. ಸಣಕಲು ಮೈಯವರಿಗೆ ಎದೆಮೂಳೆಯ ತುದಿಯೇ ಗಂಟಿನಂತೆ ಸಿಗುತ್ತದೆ. ಬರೀ ಮುಟ್ಟಿ ಇಂಥದ್ದೇ ಎನ್ನುವುದು ಡಾಕ್ಟರಿಗೇ ಕಷ್ಟ. ಹಾಗಿರುವಾಗ ದಯವಿಟ್ಟು ಯಾರೂ ಒತ್ತಿಸಬೇಡಿ.

ಕುರಿಗೆ ಲಸಿಕೆ ಹಾಕಲು ಹಟ್ಟಿಗೆ ಬರುವ ಪಶುಸಂಗೋಪನಾ ಇಲಾಖೆಯವರು ನಮ್ಮ ನಾಯಿಗಳಿಗೂ ವರ್ಷಕ್ಕೆ ನಾಲ್ಕು ಸಲವಾದರೂ ಲಾಡಿಹುಳು ಸಾಯಿಸುವ ಪ್ರಾಜಿಕ್ವಾಂಟಲ್ ಮಾತ್ರೆ ಕೊಡಲಿ. ಮಾರಿಹಬ್ಬದಲ್ಲಿ, ಸಂತೆಯಲ್ಲಿ ಕುಯ್ಯುವವರು ಗುಳ್ಳೆಯಿರುವ ಭಾಗವನ್ನು ಸುಡಲಿ, ಇಲ್ಲವೇ ಆಳವಾಗಿ ಹೂಳಲಿ. ನಾವು ರೊಪ್ಪದ ಹಿಂದೆ ಗುಂಡಿ ತೋಡಿ ಮೇಲೆ ಚಪ್ಪಡಿ ಕಲ್ಲು ಹಾಕಿದ್ದೇವೆ. ಪ್ರತಿ ಸಲ ಅವ್ವನೇ ನಿಂತು ಮುಚ್ಚಿಸುತ್ತಾಳೆ.

– ಕುರಿ ಸಾಕುವ ಮನೆಯ ಹೆಣ್ಣುಮಗಳು, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ