ನಡೆಯಲಾಗದವರಿಗೆ ಎರಡನೇ ಮಹಡಿಯಲ್ಲಿ ಯಂತ್ರ

ಮಾನ್ಯ ಸಂಪಾದಕರೇ,

ಲಕ್ವ ಹೊಡೆದವರನ್ನು ನಡೆಸುವ ಆ ರೋಬೋಟ್ ಯಂತ್ರದ ಫೋಟೊ ಸೋಮವಾರದ ಪತ್ರಿಕೆಯಲ್ಲಿ ನೋಡಿ ನಾವೂ ಆಸ್ಪತ್ರೆಗೆ ಓಡಿದೆವು. ಫೋಟೊದಲ್ಲಿ ರಿಬ್ಬನ್ ಇತ್ತು, ಕತ್ತರಿ ಇತ್ತು, 11 ಜನ ನಗುತ್ತಾ ನಿಂತಿದ್ದರು. ಎಣಿಸಿದ್ದೇನೆ. ರೋಗಿ ಅಂತ ಒಬ್ಬರೂ ಇರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಮ್ಮ ಯಜಮಾನರಿಗೆ ಲಕ್ವ ಹೊಡೆದು ಇವತ್ತಿಗೆ 70 ದಿನ. ಬಲಗಡೆ ಕೈಕಾಲು ಸ್ವಾಧೀನ ತಪ್ಪಿದೆ. ಹಿಡಿದುಕೊಂಡರೆ ನಿಲ್ಲುತ್ತಾರೆ. ಹೆಜ್ಜೆ ಎತ್ತಿದರೆ ಪಾದ ಜೋತುಬಿದ್ದು ಬೆರಳು ನೆಲಕ್ಕೆ ಎಡವುತ್ತದೆ. ನಿನ್ನೆ ಮಗ ಕೆಲಸಕ್ಕೆ ರಜೆ ಹಾಕಿದ. ಅವರನ್ನು ಕಾರಿನೊಳಗೆ ಕೂರಿಸುವುದಕ್ಕೇ ಅರ್ಧ ಗಂಟೆ. ಅಲ್ಲಿ ಹೋಗಿ ನೋಡಿದರೆ ಯಂತ್ರ ಇರುವುದು ಎರಡನೇ ಮಹಡಿಯಲ್ಲಿ! ಲಿಫ್ಟ್ ಬಾಗಿಲಿಗೆ ‘ಕೆಟ್ಟಿದೆ’ ಅಂತ ಚೀಟಿ. ಆ ಚೀಟಿಯೇ ಹಳೆಯದಾಗಿ ಹಳದಿ ತಿರುಗಿತ್ತು. ಬಾಗಿಲಲ್ಲಿದ್ದವನು “ಮೆಟ್ಟಿಲಿದೆಯಲ್ಲಮ್ಮಾ” ಎಂದ. ಮೆಟ್ಟಿಲು ಹತ್ತುವ ಹಾಗಿದ್ದರೆ ನಾವು ಅಲ್ಲಿಗೆ ಯಾಕೆ ಹೋಗುತ್ತಿದ್ದೆವು?

ಕೊನೆಗೆ ಮಗ, ಜೊತೆಗೆ ಇನ್ನಿಬ್ಬರು ಪುಣ್ಯಾತ್ಮರು ಸೇರಿ ಅವರನ್ನು ಕುರ್ಚಿ ಸಮೇತ ಹೊತ್ತರು. ನಡುವೆ ಬಲಗೈ ಕಂಬಿಗೆ ಸಿಕ್ಕಿಕೊಂಡಿತು. ಸೋತ ಕೈಯನ್ನು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ ಎಂದು ಇದೇ ಆಸ್ಪತ್ರೆಯ ಡಾಕ್ಟರೇ ಹೇಳಿ ಕಳಿಸಿದ್ದರು. ಅವರ ಮೆಟ್ಟಿಲಿಗೆ ಅದನ್ನು ಯಾರೂ ಹೇಳಿಲ್ಲ.

ಮೇಲೆ ಹೋದರೆ ಯಂತ್ರ ಪ್ಲಾಸ್ಟಿಕ್ ಹೊದ್ದು ಮಲಗಿದೆ. ಅದನ್ನು ನಡೆಸಲು ಬರುವವರು ಒಬ್ಬರೇ ಅಂತೆ, ಅವರು ತರಬೇತಿಗೆ ಹೋಗಿದ್ದಾರಂತೆ. “ಹೆಸರು ಬರೆಸಿ ಹೋಗಿ, ಎರಡು ತಿಂಗಳು ಬಿಟ್ಟು ಕರೆಯುತ್ತೇವೆ” ಎಂದರು.

ಎರಡು ತಿಂಗಳು! 2020ರಲ್ಲಿ, ಯಾವ ಚಿಕಿತ್ಸೆ ಫಲ ಕೊಡುತ್ತದೆ ಎಂದು ಪರಿಶೀಲಿಸುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯವರು ಇಂಥ ಯಂತ್ರಗಳ ಬಗ್ಗೆ 62 ಪ್ರಯೋಗಗಳನ್ನು, 2,440 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಫಿಸಿಯೋಥೆರಪಿ ಜೊತೆಗೆ ಯಂತ್ರವನ್ನೂ ಬಳಸಿದರೆ ಸ್ವಂತವಾಗಿ ನಡೆಯುವವರು ಜಾಸ್ತಿ ಎಂದಿದ್ದಾರೆ. ಹೆಚ್ಚು ಲಾಭ ಯಾರಿಗೆ? ಲಕ್ವ ಹೊಡೆದು ಮೂರು ತಿಂಗಳೊಳಗೆ ಇರುವವರಿಗೆ, ಇನ್ನೂ ನಡೆಯಲು ಆಗದವರಿಗೆ. ಅಂದರೆ ನಮ್ಮ ಯಜಮಾನರಂಥವರಿಗೆ. ಇವರು ಕರೆಯುವ ಹೊತ್ತಿಗೆ 130 ದಿನ ಆಗಿರುತ್ತದೆ. ಮಿದುಳಿಗೆ ಸ್ವಲ್ಪ ಕಾದಿರು ಅಂತ ಒಂದು ಚೀಟಿ ಅಂಟಿಸಿಬಿಡಲೇ?

ನಿಮ್ಮ ವರದಿಗಾರರಿಗೂ ಒಂದು ಮಾತು. ‘ಯಂತ್ರ ರೋಗಿಯನ್ನು ನಡೆಸುತ್ತದೆ’ ಎಂದು ಬರೆದಿದ್ದೀರಿ. ಸುಮ್ನೆ ಜೋತುಬಿದ್ದರೆ ಅದು ಉಯ್ಯಾಲೆ ಅಷ್ಟೇ. ಮೇಲಿನ ಬೆಲ್ಟು ಮೈಭಾರದಲ್ಲಿ ಒಂದು ಪಾಲು ಹೊರುತ್ತದೆ, ಕಾಲಿಗೆ ಕಟ್ಟಿದ ಮೋಟಾರು ಸೊಂಟ, ಮೊಣಕಾಲು ಬಾಗಿಸುತ್ತದೆ. ಜೊತೆಗೆ ರೋಗಿಯೂ ತಾನೇ ಹೆಜ್ಜೆ ಇಡಲು ಒದ್ದಾಡಬೇಕು. ನೂರಾರು ಸಲ ಅದನ್ನೇ ಮಾಡಿದರೆ ಮಿದುಳು ಮತ್ತೆ ಕಲಿಯುತ್ತದೆ. ಇದನ್ನು ಹೇಳಿದ್ದು ಕೆಳಗಿನ ಮಹಡಿಯ ಫಿಸಿಯೋ ಹುಡುಗಿ. ಇಡೀ ಆಸ್ಪತ್ರೆಗೆ ಅವಳೊಬ್ಬಳೇ. ಅವಳ ಫೋಟೊ ಮಾತ್ರ ನೀವು ಹಾಕಿಲ್ಲ.

ಪಾದ ಜೋತು ಬೀಳುವುದಕ್ಕೆ ಮೊಣಕಾಲ ಕೆಳಗೆ ಕಟ್ಟುವ ಪಟ್ಟಿ ಒಂದಿದೆಯಂತೆ. ಹಿಮ್ಮಡಿ ಎತ್ತಿದ ಕೂಡಲೇ ನರಕ್ಕೆ ಸಣ್ಣ ಕರೆಂಟು ಕೊಟ್ಟು ಪಾದ ಎತ್ತಿಸುತ್ತದೆ. 1961ರಿಂದಲೇ ಇರುವ ಉಪಾಯ. ನಿಮ್ಮಲ್ಲಿದೆಯಾ ಎಂದು ಕೇಳಿದೆ. ಇದೆ, ಬ್ಯಾಟರಿ ಇಲ್ಲ ಎಂದಳು. ಪಾಪ, ಅವಳಿಗೇ ನಾಚಿಕೆಯಾಯಿತು.

ಇದೇ ಆಸ್ಪತ್ರೆಯವರ ಕಚೇರಿಗೆ ಎರಡು ವರ್ಷದ ಹಿಂದೆ ನಮ್ಮ ಅತ್ತೆಯವರನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಿದ್ದೆ. ರೋಗಿ ಖುದ್ದಾಗಿ ಬರಲೇಬೇಕು ಎಂದಿದ್ದರು. ಇಳಿಜಾರು ದಾರಿಯ ತುಂಬ ಸಾಹೇಬರ ಬೈಕುಗಳು. ಆಗಲೂ ನಿಮಗೆ ಪತ್ರ ಬರೆದಿದ್ದೆ, ನೀವೂ ಹಾಕಿದ್ದಿರಿ. ಆಮೇಲೆ ಏನಾಯಿತು ಗೊತ್ತೇ? ಇಳಿಜಾರಿಗೆ ಬಣ್ಣ ಹೊಡೆಸಿದರು. ಬೈಕುಗಳು ಈಗಲೂ ಅಲ್ಲೇ ಇವೆ, ಬಣ್ಣದ ಮೇಲೆ.

ಅಮೆರಿಕದಲ್ಲಿ 2011ರಲ್ಲಿ 408 ರೋಗಿಗಳ ಅಧ್ಯಯನವೊಂದು ಹೊರಬಂತು. ಅದು ರೋಬೋಟ್ ಅಲ್ಲ, ಬೆಲ್ಟು ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸುವುದು. ಅದರಲ್ಲಿ ಕಲಿತವರೂ, ಮನೆಗೇ ಬಂದ ಫಿಸಿಯೋ ಹತ್ತಿರ ವ್ಯಾಯಾಮ ಮಾಡಿದವರೂ ವರ್ಷದ ಕೊನೆಗೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದರು. ಹಾಗಾದರೆ ಇನ್ನು ನಾಲ್ಕು ಜನ ಫಿಸಿಯೋಗಳನ್ನು ಹಾಕಿ ಮನೆಮನೆಗೆ ಕಳಿಸಬಹುದಿತ್ತಲ್ಲ? ಅದಕ್ಕೆ ರಿಬ್ಬನ್ ಕಟ್ಟಲು ಬರುವುದಿಲ್ಲ ನೋಡಿ.

ಲಿಫ್ಟ್ ರಿಪೇರಿ ಮಾಡಿಸಲಿ. ಇಲ್ಲ, ಯಂತ್ರವನ್ನು ಕೆಳಗೆ ಇಳಿಸಲಿ. ಇಲ್ಲ, ಫಿಸಿಯೋಗಳನ್ನು ಹಾಕಲಿ, ಬ್ಯಾಟರಿಯನ್ನಾದರೂ ತರಲಿ. ಏನೂ ಆಗದಿದ್ದರೆ ಫೋಟೊದಲ್ಲಿದ್ದ ಆ 11 ಜನರೇ ಬಂದು ನಮ್ಮ ಯಜಮಾನರನ್ನು ಹೊತ್ತು ಎರಡನೇ ಮಹಡಿಗೆ ಹತ್ತಿಸಲಿ. ಫೋಟೊ ತೆಗೆಯಲು ನಿಮ್ಮವರನ್ನೂ ಕಳಿಸಿ.

ಇತಿ,
ಕುರ್ಚಿಯ ಹಿಂದೆ ಕೈಚೀಲ ಹಿಡಿದು ಮೆಟ್ಟಿಲು ಹತ್ತಿದವಳು