ಹಲ್ಲುಜ್ಜಿಸುವುದೂ ಥೆರಪಿಯ ಗುರಿಯಾಗಲಿ

ಮಾನ್ಯ ಸಂಪಾದಕರೇ,

ಆಟಿಸಂ ಇರುವ ಮಗುವಿನ ಮನೆಯಲ್ಲಿ ಹಲ್ಲಿನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಮಾತು ಕಲಿಸುವ ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ ಎಂದು ವಾರವಿಡೀ ಓಡಾಡುವ ತಂದೆತಾಯಿಗೆ ‘ಹಾಲುಹಲ್ಲು ತಾನೆ, ಬಿದ್ದುಹೋಗುತ್ತೆ’ ಎನ್ನಿಸುವುದು ಸಹಜ. ಆದರೆ ಹಿಂದಿನ ಹಾಲುಹಲ್ಲುಗಳು ಬೀಳುವುದು 10ರಿಂದ 12ನೇ ವಯಸ್ಸಿಗೆ. ಅವುಗಳ ಹಿಂದೆ ಆರನೇ ವರ್ಷದ ಆಸುಪಾಸಿನಲ್ಲಿ ಹುಟ್ಟುವ ದವಡೆ ಹಲ್ಲಂತೂ ಕಡೆಯತನಕ ಬಾಳಬೇಕಾದದ್ದು. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ.

ಬ್ರಷ್ ಕಂಡರೆ ಮಗು ಕಿರುಚುವುದು ಹಟದಿಂದಲ್ಲ. ಪೇಸ್ಟಿನ ಪುದೀನ ಖಾರ, ನೊರೆ, ಬ್ರಷ್ಷಿನ ಎಳೆಗಳ ಚುಚ್ಚು ಅದಕ್ಕೆ ನಿಜವಾಗಿಯೂ ತಡೆಯದು. ಇಬ್ಬರು ಅದುಮಿ ಹಿಡಿದು ಉಜ್ಜಿದರೆ ಮರುದಿನ ಬಾಯಿ ಇನ್ನಷ್ಟು ಬಿಗಿಯುತ್ತದೆ. ಮೊದಲು ಬ್ರಷ್ ಕೈಯಲ್ಲಿರಲಿ. ಕೆಲವು ದಿನ ಬಿಟ್ಟು ಕೆನ್ನೆಗೆ, ತುಟಿಗೆ, ಮುಂದಿನ ಹಲ್ಲಿಗೆ, ಕೊನೆಗೆ ದವಡೆಗೆ. ಪ್ರತಿ ಸಲ ಹತ್ತರವರೆಗೆ ಎಣಿಸಿ, ಹತ್ತಕ್ಕೆ ನಿಲ್ಲಿಸಲೇಬೇಕು. ‘ಇನ್ನೊಂಚೂರು’ ಎಂದು ಮುಂದುವರಿಸಿದರೆ ಎಣಿಕೆಯ ಮೇಲಿನ ನಂಬಿಕೆಯೇ ಹೋಗುತ್ತದೆ. ಬಚ್ಚಲಿನ ಸದ್ದು ಆಗದಿದ್ದರೆ ಹಾಲ್‌ನಲ್ಲಿ ತೊಡೆಯ ಮೇಲೆ ತಲೆಯಿಟ್ಟು ಮಲಗಿಸಿ ಉಜ್ಜಿ. ಪುದೀನವಿಲ್ಲದ, ನೊರೆ ಕಡಿಮೆಯಿರುವ ಪೇಸ್ಟ್ ಸಿಗುತ್ತದೆ. ಟ್ಯೂಬಿನ ಮೇಲೆ 1000 ಪಿಪಿಎಂ ಫ್ಲೋರೈಡ್ ಇದೆಯೇ ನೋಡಿಕೊಳ್ಳಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಉಗುಳಲು ಬಾರದಿದ್ದರೆ ಅಕ್ಕಿಕಾಳಿನಷ್ಟೇ ಸಾಕು.

ಥೆರಪಿ ಕೇಂದ್ರಗಳಿಗೂ ಮನವಿ. ಹಲ್ಲುಜ್ಜಿಸುವುದನ್ನೂ ಥೆರಪಿಯ ಗುರಿಗಳಲ್ಲಿ ಸೇರಿಸಿ. ಒಂದೊಂದು ಸರಿಯುತ್ತರಕ್ಕೆ ಒಂದೊಂದು ಚಾಕೊಲೇಟ್ ಚೂರು ಕೊಡುವುದನ್ನು ದಯವಿಟ್ಟು ಬಿಡಿ. ಹಲ್ಲಿನ ಮಟ್ಟಿಗೆ ಸಿಹಿ ಎಷ್ಟು ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು ಎಂಬುದೇ ಮುಖ್ಯ. ಪ್ರತಿ ಚೂರಿನ ನಂತರ ಸುಮಾರು ಅರ್ಧ ಗಂಟೆ ಬಾಯಲ್ಲಿ ಆಮ್ಲವಿರುತ್ತದೆ. ಸೋಪಿನ ಗುಳ್ಳೆ, ಉಯ್ಯಾಲೆ, ಸ್ಟಿಕ್ಕರ್ ಕೊಟ್ಟರೂ ಮಗು ಕಲಿಯುತ್ತದೆ. ಮನೆಯಲ್ಲಿ ರಾತ್ರಿಯ ಸಿಹಿ ಸಿರಪ್ ಔಷಧವನ್ನು ಹಲ್ಲುಜ್ಜುವ ಮೊದಲೇ ಕೊಡಿ.

ಮಾತು ಬಾರದ ಮಗು ‘ಹಲ್ಲು ನೋಯುತ್ತೆ’ ಎನ್ನಲಾರದು. ಕೆನ್ನೆಗೆ ಹೊಡೆದುಕೊಳ್ಳುತ್ತದೆ, ಒಂದೇ ಕಡೆ ಅಗಿಯುತ್ತದೆ, ರಾತ್ರಿ ಎದ್ದು ಅಳುತ್ತದೆ. ‘ಬಿಹೇವಿಯರ್ ಜಾಸ್ತಿಯಾಗಿದೆ’ ಎಂದುಕೊಳ್ಳುವ ಮೊದಲು ಟಾರ್ಚ್ ಹಿಡಿದು ಬಾಯಿ ನೋಡಿ.

ಹುಳುಕು ಬೇಗ ಕಂಡರೆ ಡ್ರಿಲ್ ಬೇಕಾಗದಿರಬಹುದು. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಔಷಧ ಹಚ್ಚಿದರೆ ಹುಳುಕು ಮುಂದುವರಿಯದಂತೆ ತಡೆಯಬಹುದು. ಆ ಜಾಗ ಮಾತ್ರ ಕಪ್ಪಾಗುತ್ತದೆ. ಕಪ್ಪಿಗೆ ಹೆದರಿ ಎಷ್ಟೋ ಪೋಷಕರು ಬೇಡವೆನ್ನುತ್ತಾರೆ. ಪೂರ್ತಿ ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡುವುದಕ್ಕಿಂತ ಹಿಂದಿನ ಹಲ್ಲಿನ ಕಪ್ಪು ಕಲೆ ಎಷ್ಟೋ ವಾಸಿ. ಹುಳುಕು ನರಕ್ಕಿಳಿದ ಮೇಲೆ ಈ ದಾರಿ ಉಳಿಯುವುದಿಲ್ಲ.

ಹಾಗಾಗಿ ನೋವಿಲ್ಲದಾಗಲೇ ದಂತವೈದ್ಯರ ಬಳಿ ಹೋಗಿ, ಸಾಧ್ಯವಾದರೆ ಮಗುವಿಗೆ ಒಂದು ವರ್ಷ ತುಂಬುವುದರೊಳಗೆ. ಆಟಿಸಂ ಇರುವುದು ಗೊತ್ತಾಗಿದ್ದರೆ ಫೋನಿನಲ್ಲೇ ತಿಳಿಸಿ, ಬೆಳಗಿನ ಮೊದಲ ಸರದಿ ಕೇಳಿ. ಕುರ್ಚಿ, ದೀಪದ ಫೋಟೊಗಳನ್ನು ಮಗುವಿಗೆ ಮೊದಲೇ ತೋರಿಸಿ; ಮೊದಲ ಭೇಟಿಯಲ್ಲಿ ಕುರ್ಚಿಯಲ್ಲಿ ಕೂತೆದ್ದರೆ ಸಾಕು. ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿನಲ್ಲೂ ಮಕ್ಕಳ ವಿಭಾಗವಿದೆ.

— ಮಕ್ಕಳ ದಂತವೈದ್ಯರು ಮತ್ತು ಥೆರಪಿಸ್ಟ್‌ಗಳು, ಬೆಂಗಳೂರು